ಮಳೆಗೆ ಮುಂಚೆ ಹೊಸ ಕಡಸು ತರಲಾ? ನೊಣ, ಉಣ್ಣೆ ಕಾಯಿಲೆಯಲ್ಲಿ ಕೈ ಸುಟ್ಟುಕೊಂಡವರು ಹೇಳಿ

ಕೆರೆಯಂಚು:
ಎಲ್ಲರಿಗೂ ನಮಸ್ಕಾರ. ಮಾಂಸಕ್ಕೆ ಸಾಕುವ 60 ದನಗಳಿವೆ. ಹುಲ್ಲುಗಾವಲಿನ ಒಂದು ಪಕ್ಕ ಕೆರೆ, ಅಲ್ಲಿ ವರ್ಷವಿಡೀ ಕೆಸರು. ಮಳೆಗಾಲಕ್ಕೆ ಮುಂಚೆ ಬೇರೆ ಕಡೆಯಿಂದ 12 ಕಡಸು ತರುವ ಯೋಚನೆ ಇದೆ. ಕಳೆದ ಸಲ ಪಕ್ಕದ ಮಂದೆಗೆ ಚರ್ಮಗಂಟು ರೋಗ ಬಂದಿತ್ತು, ನಮಗೆ ಬರಲಿಲ್ಲ. ಈಗ ತರಬಹುದಾ, ಕಾಯಬೇಕಾ? ಕೀಟದಿಂದ ಹರಡುವ ಕಾಯಿಲೆ ಮಂದೆಗೆ ನುಗ್ಗಿದ ಅನುಭವ ಇದ್ದವರು ದಯವಿಟ್ಟು ಹೇಳಿ.

ಒಂಟಿಹೋರಿ:
ತರೋ ಮುಂಚೆ ಕೇಳಿದಿರಲ್ಲ, ನನಗೆ ಅಷ್ಟು ಬುದ್ಧಿ ಇರಲಿಲ್ಲ. ಐದು ಹೋರಿ ಕೊಂಡು ತಂದೆ. ಮೈ ನುಣುಪು, ಕಣ್ಣು ಚುರುಕು, ಇಳಿದ ತಕ್ಷಣ ಮೇವಿಗೆ ಬಾಯಿ ಹಾಕಿದವು. ಅದೇ ಸಂಜೆ ಮಂದೆಗೆ ಬಿಟ್ಟೆ. ಒಂಬತ್ತನೇ ದಿನ ಒಂದು ಹೋರಿ ಹಿಂದೆ ಬಿತ್ತು. ಕಣ್ಣು ಮೂಗಲ್ಲಿ ನೀರು, ಜ್ವರ 41 ಡಿಗ್ರಿ. ಮಾರನೇ ದಿನ ಕುತ್ತಿಗೆ ಸವರಿದರೆ ಚರ್ಮದೊಳಗೆ ಗೋಲಿ ಹೊಲಿದಿಟ್ಟ ಹಾಗೆ ಗಂಟುಗಳು. ಒಂದೊಂದು ಗಂಟಿನ ಮೇಲೂ ಕೂದಲು ಕುಚ್ಚು ಕಟ್ಟಿ ನಿಂತಿತ್ತು.

ಗಾಬರಿಯಲ್ಲಿ ಹನ್ನೆರಡನೇ ದಿನ ಎಲ್ಲಕ್ಕೂ ಲಸಿಕೆ ಹಾಕಿಸಿದೆ. ಆ ವಾರದಲ್ಲೇ ಇನ್ನೂ ಎಂಟು ಮಲಗಿದವು. ಲಸಿಕೆಯೇ ಕೆಟ್ಟದ್ದು ಅಂತ ಸಿಕ್ಕವರಿಗೆಲ್ಲ ಹೇಳಿಕೊಂಡು ತಿರುಗಿದೆ. ಆಮೇಲೆ ತಿಳಿಯಿತು, ಲಸಿಕೆ ಪೂರ್ತಿ ಹಿಡಿಯಲು ಸುಮಾರು ಮೂರು ವಾರ ಬೇಕು. ಆ ಎಂಟರ ಮೈಯಲ್ಲಿ ವೈರಸ್ ಅಷ್ಟೊತ್ತಿಗಾಗಲೇ ಕೂತಿತ್ತು.

ಲೆಕ್ಕ ಬರೆದಿಟ್ಟಿದ್ದೇನೆ. 41 ದನ. 17ಕ್ಕೆ ಗಂಟು. 4 ಸತ್ತವು. 3 ಹಸು ಕಂದು ಹಾಕಿದವು. 380 ಕಿಲೋ ಇದ್ದ ಹೋರಿ 290ಕ್ಕೆ ಇಳಿಯಿತು, ಆ 90 ಕಿಲೋ ಮತ್ತೆ ಮೈಗೆ ಹತ್ತಲು ಏಳು ತಿಂಗಳು ಹಿಡಿಯಿತು. ಮಲಗಿದ ದನಗಳಿಗೆ ದಿನಕ್ಕೆ ಎರಡು ಸಲ ಗಾಯ ತೊಳೆಯಬೇಕಿತ್ತು. ಒಂದು ದನಕ್ಕೆ ಅರ್ಧ ಗಂಟೆ. ಉದುರಿದ ಹಕ್ಕಳೆಯನ್ನೂ ಆರಿಸಿ ಸುಟ್ಟೆ, ಒಣ ಹಕ್ಕಳೆಯಲ್ಲೂ ವೈರಸ್ ತಿಂಗಳಿಗೂ ಮೇಲೆ ಬದುಕುತ್ತದೆ. ಐದು ಹೋರಿ 28 ದಿನ ಬೇರೆ ಕಟ್ಟಿದ್ದರೆ ಇದು ಯಾವುದೂ ಇರುತ್ತಿರಲಿಲ್ಲ.

ಹುಲ್ಲುಮೆದೆ:
ಹೋರಿ ಕಾಯಿಲೆ ತಂತು ಸರಿ, ಹರಡಿದ್ದು ಯಾರು? ಅದನ್ನ ಯಾರೂ ಕೇಳಲ್ಲ. ನಮ್ಮಲ್ಲಿ ಹರಡಿದ್ದು ಕಾಲಿಗೆ ಕಚ್ಚುವ ನೊಣ. ನೋಡಲು ಮನೆ ನೊಣದ ಹಾಗೇ ಇರುತ್ತದೆ, ಆದರೆ ಬಾಯಿ ಮುಂದಕ್ಕೆ ಸೂಜಿಯಂತೆ ಚಾಚಿರುತ್ತದೆ. ಗಂಡು ಹೆಣ್ಣು ಎರಡೂ ರಕ್ತ ಕುಡಿಯುತ್ತವೆ. ಕಚ್ಚಿದರೆ ಉರಿ, ದನ ಕಾಲು ಬಡಿಯುತ್ತದೆ, ನೊಣ ಅರ್ಧ ಹೊಟ್ಟೆಯಲ್ಲಿ ಎದ್ದು ಪಕ್ಕದ ದನದ ಮೇಲೆ ಕೂರುತ್ತದೆ. ಬಾಯಲ್ಲಿ ಹಸಿ ರಕ್ತ ಹಾಗೇ ಇರುತ್ತದೆ.

ಇದು ಎಲ್ಲಿ ಹುಟ್ಟುತ್ತಿತ್ತು ಗೊತ್ತಾ? ನಾನೇ ಇಟ್ಟ ಮೇವಿನ ಕಟಕಟೆ ಸುತ್ತ. ಚೆಲ್ಲಿದ ಹುಲ್ಲು, ಅದರ ಮೇಲೆ ಗಂಜಲ, ಸಗಣಿ, ಮಳೆ, ಎಲ್ಲ ಸೇರಿ ಒಂದು ಗೇಣು ದಪ್ಪ ಕೊಳೆತ ಹಾಸು. ಬೂಟಿನ ತುದಿಯಲ್ಲಿ ಕೆದಕಿದೆ. ಒಳಗೆ ಬಿಸಿ, ಬಿಳಿ ಹುಳ ಮಿಜಿಮಿಜಿ. ಎರಡು ತಿಂಗಳು ದನಗಳ ಮೇಲೆ ಔಷಧ ಹೊಡೆದಿದ್ದೆ, ಸುಮ್ನೆ. ಔಷಧ ಹೊಡೆದಿದ್ದು ಮೈಗೆ, ನೊಣ ಕೂರೋದು ಕಾಲಿಗೆ. ಬೆಳಗ್ಗೆ ಎದ್ದು ಮುಂಗಾಲಿನ ನೊಣ ಎಣಿಸುತ್ತಿದ್ದೆ, ಒಂದೊಂದು ಕಾಲಿಗೆ ಹದಿನೈದು, ಹದಿನೆಂಟು. ಕಾಲಿಗೆ ಐದು ದಾಟಿದರೇ ತೂಕಕ್ಕೆ ಏಟು ಅಂತಾರೆ. ದನಗಳು ಮೇಯೋದು ಬಿಟ್ಟು ಒಂದಕ್ಕೊಂದು ಅಂಟಿಕೊಂಡು ಗುಂಪು ಕಟ್ಟಿ ನಿಲ್ಲುತ್ತಿದ್ದವು. ಸುಡು ಬಿಸಿಲಲ್ಲೂ ಅಷ್ಟೇ. ಈಗ ವಾರಕ್ಕೊಮ್ಮೆ ಆ ಹಾಸು ಎಳೆದು ತೆಳ್ಳಗೆ ಹರಡಿ ಒಣಗಿಸುತ್ತೇನೆ. ಮೊಟ್ಟೆ ನೊಣವಾಗಲು ಎರಡು ಮೂರು ವಾರ ಬೇಕು, ಅಷ್ಟರೊಳಗೆ ಒಣಗಬೇಕು, ಅಷ್ಟೇ.

ಹೊಸಸೂಜಿ:
ಒಂಟಿಹೋರಿಯವರೇ, 41 ದನಕ್ಕೆ ಲಸಿಕೆ ಹಾಕಿಸಿದಿರಿ. ಸೂಜಿ ಎಷ್ಟು ಬಳಸಿದಿರಿ?

ಒಂಟಿಹೋರಿ:
ನೆನಪಿಲ್ಲ. ಎರಡೋ ಮೂರೋ.

ಹೊಸಸೂಜಿ:
ನೋಡಿ. ಎಲ್ಲರೂ ನೊಣ ನೊಣ ಅಂತೀರಿ. ನೊಣ ತನ್ನ ಬಾಯಲ್ಲಿ ಒಂದು ಹನಿಗಿಂತ ಕಡಿಮೆ ರಕ್ತ ಒಯ್ಯುತ್ತದೆ, ನಮ್ಮ ಸೂಜಿ ಅದಕ್ಕಿಂತ ಜಾಸ್ತಿ. ನನ್ನ ಕತೆ ಅನಾಪ್ಲಾಸ್ಮಾ, ರಕ್ತಕ್ಕೆ ಸೇರುವ ರೋಗಾಣು. 34 ದನಗಳನ್ನು ಚುಚ್ಚಲು ನಿಲ್ಲಿಸುವ ಇಕ್ಕಟ್ಟಾದ ಕಟಕಟೆಯಲ್ಲಿ ಸಾಲಾಗಿ ನಿಲ್ಲಿಸಿ ಒಂದೇ ಸೂಜಿಯಲ್ಲಿ ಲಸಿಕೆ ಮುಗಿಸಿದೆವು. ಬೇಗ ಆಯ್ತು ಅಂತ ಖುಷಿ ಬೇರೆ. ನಾಲ್ಕು ವಾರ ಕಳೆಯಿತು. ಒಂದು ಹಸು ಮಂದೆಯಿಂದ ದೂರ ನಿಂತಿತು. ರೆಪ್ಪೆ ಬಿಡಿಸಿದರೆ ಒಳಗೆ ಬಿಳಿಚು, ವಸಡು ಹಳದಿ. ಎರಡು ದಿನದಲ್ಲಿ ಇನ್ನೂ ಐದು.

ದೊಡ್ಡ ಹೋರಿ ಸಾಧು ಪ್ರಾಣಿ, ಅವತ್ತು ಹಾಯಲು ಬಂತು. ಮಿದುಳಿಗೆ ರಕ್ತ ಸಾಲದೆ ಹಾಗಾಗುತ್ತದೆ ಅಂತ ಆಮೇಲೆ ಡಾಕ್ಟ್ರು ಹೇಳಿದರು. ಇಂಜೆಕ್ಷನ್ ಕೊಡೋಣ ಅಂತ ಅದನ್ನು ಕಟಕಟೆಗೆ ಅಟ್ಟಿದೆವು. ಇಪ್ಪತ್ತು ಹೆಜ್ಜೆ ಓಡಿ ಮುಗ್ಗರಿಸಿ ಬಿತ್ತು, ಏಳಲಿಲ್ಲ. ಅಟ್ಟದೆ ಇದ್ದಿದ್ದರೆ ಬದುಕುತ್ತಿತ್ತೇನೋ. ಒಟ್ಟು ಸತ್ತದ್ದು 5, ಎಲ್ಲ ಮೂರು ವರ್ಷ ದಾಟಿದವು. ಕರುಗಳಿಗೆ ಏನೂ ಆಗಲಿಲ್ಲ. ಈ ಕಾಯಿಲೆ ಎಳೆಯವನ್ನು ಬಿಟ್ಟು ಬಲಿತವನ್ನೇ ಹೊಡೆಯುತ್ತದೆ.

ಬಾಲಬೀಸು:
ಅನಾಪ್ಲಾಸ್ಮಾ ಉಣ್ಣೆಯಿಂದ ಬರೋದು ಸ್ವಾಮಿ. ಸುಮ್ನೆ ಸೂಜಿ ಮೇಲೆ ಗೂಬೆ ಕೂರಿಸ್ತಾ ಇದ್ದೀರಿ.

ಹೊಸಸೂಜಿ:
ಉಣ್ಣೆಯಿಂದಲೂ ಬರುತ್ತೆ, ಇಲ್ಲ ಅಂದೆನಾ? ಆದರೆ ನನ್ನ ಹತ್ತಿರ ಪುಸ್ತಕ ಇದೆ. ಲಸಿಕೆ ಹಾಕಿದ ಸಾಲಿನ ಕಿವಿ ನಂಬರು ಅದರಲ್ಲಿದೆ. 11ನೇದು ಹಳೇ ಹಸು, ಹಿಂದೆ ಅದೇ ಕಾಯಿಲೆಯಿಂದ ಎದ್ದಿತ್ತು. ಎದ್ದ ದನದ ರಕ್ತದಲ್ಲಿ ರೋಗಾಣು ಉಳಿದೇ ಇರುತ್ತದೆ. ಬಿದ್ದದ್ದು ಯಾವು ಗೊತ್ತಾ? 12, 13, 14, 16, 17, 19. ಅದಕ್ಕಿಂತ ಮುಂದೆ ನಿಂತಿದ್ದ ಹತ್ತರಲ್ಲಿ ಒಂದೂ ಬೀಳಲಿಲ್ಲ. ಉಣ್ಣೆಗೆ ನಮ್ಮ ಕಟಕಟೆಯ ಸಾಲು ಗೊತ್ತಿತ್ತಾ?

ಬಾಲಬೀಸು:
ಸರಿ, ನಿಮ್ಮ ಪುಸ್ತಕ ನಿಮಗೆ. ನನ್ನದು ಉಣ್ಣೆಯದ್ದೇ. ಮೂರು ವರ್ಷ ಒಂದೂ ಉಣ್ಣೆ ಇಲ್ಲದ ಹಾಗೆ ದನ ಸಾಕಿದೆ, ಎಲ್ಲರೂ ಹೊಗಳಿದರು. ಹದಿನೈದು ದಿನಕ್ಕೊಮ್ಮೆ ಔಷಧ, ತಪ್ಪಿದ್ದೇ ಇಲ್ಲ. ನಾಲ್ಕನೇ ವರ್ಷ ಬೇಲಿ ಮುರಿದು ಪಕ್ಕದ ದನ ಒಳಗೆ ಬಂದವು. ಉಣ್ಣೆ ಹೊತ್ತು ತಂದವು. ಒಂದು ಹೆಣ್ಣು ಉಣ್ಣೆ ನೆಲಕ್ಕೆ ಬಿದ್ದರೆ ಎರಡು ಮೂರು ಸಾವಿರ ಮೊಟ್ಟೆ. ಔಷಧ ಹೊಡೆದೆ, ಸಾಯಲಿಲ್ಲ. ಮೂರು ವರ್ಷ ಒಂದೇ ಜಾತಿ ಔಷಧ, ಅದೂ ತೂಕ ಅಂದಾಜು ಮಾಡಿ ತೆಳ್ಳಗೆ ಕಲಸಿದ್ದು, ಅಷ್ಟರಲ್ಲಿ ಸುತ್ತಲಿನ ಉಣ್ಣೆಗೆಲ್ಲ ಅದು ರೂಢಿ ಆಗಿಬಿಟ್ಟಿತ್ತು. ಒಂದು ಬೆಳಗ್ಗೆ ಹಸು ಕಾಫಿ ಬಣ್ಣದ ಉಚ್ಚೆ ಹೊಯ್ದಿತು. ಬಬೇಸಿಯಾ, ಉಣ್ಣೆಯಿಂದ ರಕ್ತಕ್ಕೆ ಸೇರುವ ಇನ್ನೊಂದು ರೋಗಾಣು. 9 ಬಿದ್ದು 6 ಸತ್ತವು, ಎಲ್ಲ ನಾನೇ ಉಣ್ಣೆ ಮುಟ್ಟದಂತೆ ಬೆಳೆಸಿದವು. ಎಳೆಯ ವಯಸ್ಸಲ್ಲಿ ಸ್ವಲ್ಪ ಉಣ್ಣೆ ಕಚ್ಚಿಸಿಕೊಂಡ ಹಳೇ ದನಗಳಿಗೆ ಏನೂ ಆಗಲಿಲ್ಲ.

ಹುಲ್ಲುಮೆದೆ:
ಅಂದರೆ ಈಗ ಉಣ್ಣೆ ಸಾಕಬೇಕು ಅಂತೀರಾ? ಹೊಸಬರು ಓದ್ತಾರೆ, ನೋಡ್ಕೊಂಡು ಬರೀರಿ.

ಬಾಲಬೀಸು:
ಸಾಕಿ ಅಂದೆನಾ? ಆರು ದನ ಹೂತವನು ನಾನು. ನೀವು ಹುಲ್ಲು ಕೆದಕಿಕೊಂಡಿರಿ.

ಕೆರೆಯಂಚು:
ದಯವಿಟ್ಟು ಜಗಳ ಬೇಡ. ಅಂದಹಾಗೆ ನನ್ನ ಕಡಸುಗಳ ವಿಷಯ... ಅವು ಬರೋದು ಒಣ ಸೀಮೆಯಿಂದ, ಅಲ್ಲಿ ಉಣ್ಣೆ ಕಡಿಮೆಯಂತೆ. ಒಳ್ಳೇದಲ್ವಾ?

ಬಾಲಬೀಸು:
ಮೇಲೆ ಬರೆದದ್ದು ಓದಿ ಅಣ್ಣಾ. ಅದೇ ಕೆಟ್ಟದ್ದು.

ಒದ್ದೆಗಾಲು:
ಕೆರೆ ಕೆಸರು ಅಂದರಲ್ಲ, ಅದಕ್ಕೆ ಬರೆಯುತ್ತಿದ್ದೇನೆ. ಸಗಣಿ ಬೆರೆತ ಒದ್ದೆ ಮಣ್ಣಲ್ಲಿ ನುಸಿ ಹುಟ್ಟುತ್ತದೆ, ಸಂಜೆಯಿಂದ ಬೆಳಗಿನವರೆಗೆ ಕಚ್ಚುತ್ತದೆ. ನೀಲಿ ನಾಲಿಗೆ ರೋಗ ಅದರಿಂದಲೇ. ನಾನು ನಮ್ಮ ಕೆರೆಯ ಅಂಚಿಗೆ ಬೇಲಿ ಹಾಕಿ, ಪೈಪ್ ಎಳೆದು, ಎತ್ತರದ ಜಾಗದಲ್ಲಿ ನೀರಿನ ತೊಟ್ಟಿ ಇಟ್ಟೆ. ಬೇಲಿಗೆ ಹನ್ನೊಂದು ದಿನ, ಪೈಪಿಗೆ ಆರು ದಿನ. ತೊಟ್ಟಿಯ ಫ್ಲೋಟ್ ಕೆಟ್ಟು ನೀರು ಉಕ್ಕಿ ಅಲ್ಲೇ ಹೊಸ ಕೆಸರು. ಹಳೇ ಕೆಸರಾದರೂ ದೂರ ಇತ್ತು, ಇದು ದನ ಮಲಗುವ ಜಾಗದ ಪಕ್ಕ! ಮತ್ತೆ ಅಗೆದು ಜಲ್ಲಿ ತುಂಬಲು ನಾಲ್ಕು ದಿನ.

ಮಂದೆಮನೆ:
ನನಗೆ ಈಗಲೂ ಹೊಟ್ಟೆ ಉರಿಯುತ್ತೆ. ಮೂರು ದಿನದ ಜ್ವರ ಅಂತ ಹೆಸರು, ನನಗೆ ಆರು ತಿಂಗಳು. ಮಳೆ ಆದ ಮೇಲೆ ಸೊಳ್ಳೆ ಎದ್ದಿತು. 640 ಕಿಲೋ ಹೋರಿ ಕುಂಟಿ, ನಡುಗಿ, ಮಲಗಿಬಿಟ್ಟಿತು. ದಪ್ಪ ದನಕ್ಕೇ ಇದು ಜಾಸ್ತಿ ಕಾಡುವುದು. ಪಕ್ಕದವರು ಬಂದು ಕಷಾಯ ಕುಡಿಸಿ ಅಂದರು. ಬಾಟಲಿ ಬಾಯಿಗಿಟ್ಟು ಕುಡಿಸಿದೆ. ಈ ಜ್ವರದಲ್ಲಿ ದನಕ್ಕೆ ನುಂಗಲು ಆಗಲ್ಲ, ಅದು ನನಗೆ ಗೊತ್ತಿರಲಿಲ್ಲ. ಗೊರ್ ಅಂತ ಒಂದು ಸದ್ದು ಬಂತು. ಕಷಾಯ ಶ್ವಾಸಕೋಶಕ್ಕೆ ಹೋಗಿತ್ತು. ಜ್ವರ ಮೂರನೇ ದಿನ ಬಿಟ್ಟಿತು, ಹೋರಿ ಎಂಟನೇ ದಿನ ಸತ್ತಿತು. ಜ್ವರ ಬಂದ ಇನ್ನೊಂದು ಹೋರಿ ಎದ್ದಿತು, ಆದರೆ ಅದರ ಬೀಜದ ಶಕ್ತಿ ಕುಂದಿ ಆರು ತಿಂಗಳು ಒಂದು ಹಸುವೂ ಗಬ್ಬ ಕಟ್ಟಲಿಲ್ಲ. ಮುಂದಿನ ವರ್ಷ 22 ಕರು ಕಡಿಮೆ. ಯಾರ ಮೇಲೆ ಹಾಕಲಿ ಇದನ್ನ?

ಒಂಟಿಹೋರಿ:
ಕುಡಿಸಿದ್ದು ನೀವೇ ತಾನೇ.

ಮಂದೆಮನೆ:
ಎರಡು ಸೂಜಿಯಲ್ಲಿ 41 ದನ ಚುಚ್ಚಿದವರು ಹೇಳ್ತಿದ್ದಾರೆ, ಕೇಳ್ರಪ್ಪ.

ಹೊಸಸೂಜಿ:
ಇಬ್ಬರೂ ನಿಲ್ಲಿಸಿ. ಕೆರೆಯಂಚು, ಕಡಸುಗಳಿಗೆ ಅವು ಈಗ ಇರುವ ಕಡೆಯೇ ಗಂಟು ರೋಗದ ಲಸಿಕೆ ಆಗಲಿ, ದನಕ್ಕೊಂದು ಸೂಜಿ. ಮೂರು ವಾರ ಬಿಟ್ಟು ಹೊರಡಲಿ. ಬಂದ ಮೇಲೆ 28 ದಿನ ಬೇರೆ. ನಿಮ್ಮ 60ಕ್ಕೂ ಈಗಲೇ ಹಾಕಿಸಿ. ಪಕ್ಕದಲ್ಲಿ ಬಂದಾಗ ನಿಮಗೆ ಬರಲಿಲ್ಲ ಅಂದಿರಿ, ಗಂಟು ಕಾಣಲಿಲ್ಲ ಅಷ್ಟೇ ಇರಬಹುದು. ಗಂಟೇ ಏಳದ ದನದ ರಕ್ತದಲ್ಲೂ ವೈರಸ್ ಓಡಾಡುತ್ತದೆ.

ಬಾಲಬೀಸು:
ಉಣ್ಣೆ ಕಾಯಿಲೆಗೆ ರಕ್ತ ಪರೀಕ್ಷೆ ಮಾಡಿಸಿ ಅಂತ ಸೇರಿಸಿ. ಬೇರೆ ಕಟ್ಟಿದರೆ ನೊಣಕ್ಕೆ ಬೇಲಿ ಗೊತ್ತಾಗುತ್ತಾ?

ಹೊಸಸೂಜಿ:
ಬೇಲಿ ಪಕ್ಕ ಅಂದೆನಾ? ದೂರ. ಜಮೀನಿನ ಇನ್ನೊಂದು ತುದಿ.

ಕೆರೆಯಂಚು:
ಇನ್ನೊಂದು ತುದಿಯಲ್ಲಿ ಕೆರೆ ಇದೆ.

ಒದ್ದೆಗಾಲು:
ಹಾಗಾದರೆ ಹಳೇ 60 ಆ ಕಡೆ ಹೋಗಲಿ, ಕಡಸು ಈ ಕಡೆ.

ಹುಲ್ಲುಮೆದೆ:
ಕಡಸುಗಳ ಮೇವಿನ ಕಟಕಟೆ ಎಲ್ಲಿ ಇಡ್ತೀರಿ? ಅದನ್ನ ಮೊದಲು ಹೇಳಿ.