ಟೆನಿಸ್‌ಗೆ ರನ್ನಿಂಗ್ ಶೂ ಸಾಲದಾ? ಶೂ ಆಯ್ಕೆ ಬಗ್ಗೆ ಸಲಹೆ ಬೇಕು

ಎಡಗೈ_ಬ್ಯಾಕ್‌ಹ್ಯಾಂಡ್:
ವಾರಕ್ಕೆ ಮೂರು ದಿನ, ದಿನಕ್ಕೆ ಒಂದೂವರೆ ಗಂಟೆ ಆಟ. ಹೆಚ್ಚಾಗಿ ಹಾರ್ಡ್ ಕೋರ್ಟ್, ತಿಂಗಳಿಗೆ ಒಂದೆರಡು ಸಲ ಮಣ್ಣಿನ ಕೋರ್ಟ್. ತೂಕ 82 ಕೆಜಿ, ಪಾದದ ಮುಂಭಾಗ ಅಗಲ. ಸದ್ಯಕ್ಕೆ ಕಾಲಲ್ಲಿರೋದು ರನ್ನಿಂಗ್ ಶೂ. ಎಡ ಶೂನ ಮೂತಿ ಸವೆದು ತೂತಾಗಿದೆ, ಹೆಬ್ಬೆರಳಿನ ಉಗುರು ಕಪ್ಪಾಗಿದೆ.

ಟೆನಿಸ್ ಶೂ ಅಂತಲೇ ತಗೋಬೇಕಾ, ಅದೆಲ್ಲ ಬರೀ ಮಾರಾಟದ ಮಾತಾ? ಎರಡೂ ಕೋರ್ಟಿಗೆ ಒಂದೇ ಜೊತೆ ಸಾಕಾ? ಉಗುರಿಗಾಗಿ ಅರ್ಧ ಸೈಜ್ ದೊಡ್ಡದು ತಗೊಂಡರೆ ಸರಿಹೋಗುತ್ತಾ?

ಎರಡನೇ_ಸರ್ವ್:
ಮಾರಾಟದ ಮಾತಲ್ಲ. ಓಡುವಾಗ ಕಾಲು ಒಂದೇ ದಿಕ್ಕಿಗೆ ಹೋಗುತ್ತೆ, ಅದಕ್ಕೆ ರನ್ನಿಂಗ್ ಶೂನಲ್ಲಿ ಹಿಮ್ಮಡಿ ಕೆಳಗೆ ದಪ್ಪ, ಮೆತ್ತನೆ ಫೋಮ್ ಇಟ್ಟು ಮೇಲೆ ತೆಳು ಜಾಲರಿ ಬಟ್ಟೆ ಹೊಲಿದಿರ್ತಾರೆ. ಟೆನಿಸ್‌ನಲ್ಲಿ ಹಾಗಲ್ಲ, ಅರ್ಧಕ್ಕರ್ಧ ಅಡ್ಡ ಓಟವೇ. ಅಗಲಕ್ಕೆ ಹೋದ ಚೆಂಡಿಗೆ ಓಡಿ ಹೊರಗಾಲಿನ ಮೇಲೆ ನಿಂತಾಗ ಪಾದ ಫೋಮ್ ಮೇಲೆ ಪಕ್ಕಕ್ಕೆ ಜಾರುತ್ತೆ, ಫೋಮ್‌ನ ಹೊರ ಅಂಚು ಅಮುಕಿಕೊಳ್ಳುತ್ತೆ, ಕಾಲು ಹೊರಳುತ್ತೆ. ಎಷ್ಟು ಎತ್ತರದಲ್ಲಿ ನಿಂತಿದ್ದೀರೋ ಅಷ್ಟು ಸುಲಭವಾಗಿ ಹೊರಳುತ್ತೆ. ಹಾಗಾಗಿ ಮೆತ್ತಗಿದೆ ಅನ್ನೋದು ಇಲ್ಲಿ ಗುಣ ಅಲ್ಲ.

ಅಂಗಡಿಯಲ್ಲಿ ಕಾಲಿಗೆ ಹಾಕೋ ಮೊದಲು ಕೈಯಲ್ಲೇ ಮೂರು ಪರೀಕ್ಷೆ ಮಾಡಿ. ಒಂದು ಕೈಲಿ ಹಿಮ್ಮಡಿ, ಇನ್ನೊಂದು ಕೈಲಿ ಮೂತಿ ಹಿಡಿದು ಒದ್ದೆ ಬಟ್ಟೆ ಹಿಂಡೋ ಹಾಗೆ ತಿರುಚಿ. ಒಳ್ಳೆ ಟೆನಿಸ್ ಶೂ ಬಿಗಿಯಾಗಿ ಎದುರಾಡುತ್ತೆ, ಯಾಕಂದ್ರೆ ನಡುವೆ ಗಟ್ಟಿ ಪ್ಲಾಸ್ಟಿಕ್ ಪಟ್ಟಿ ಇರುತ್ತೆ. ಆಮೇಲೆ ಮೂತಿಯನ್ನು ಮೇಲಕ್ಕೆ ಬಗ್ಗಿಸಿ: ಬೆರಳುಗಳ ಬುಡ ಬರೋ ಜಾಗದಲ್ಲಿ ಮಡಚಬೇಕು, ನಡುವಲ್ಲಿ ಮಡಚಿದರೆ ಕೆಳಗಿಡಿ. ಕೊನೆಗೆ ಹಿಮ್ಮಡಿಯ ಹಿಂಭಾಗವನ್ನು ಎರಡೂ ಕಡೆಯಿಂದ ಹೆಬ್ಬೆಟ್ಟಲ್ಲಿ ಒತ್ತಿ. ಒಳಕ್ಕೆ ಕುಸಿಯಬಾರದು.

ನಿಮ್ಮ ಎಡ ಮೂತಿ ಯಾಕೆ ತೂತಾಯ್ತು ಅನ್ನೋದಕ್ಕೆ ನಿಮ್ಮ ಹೆಸರಲ್ಲೇ ಉತ್ತರ ಇದೆ! ಎಡಗೈಯವರು ಸರ್ವ್ ಮಾಡುವಾಗ ಹಿಂದಿನ ಕಾಲು, ಅಂದರೆ ಎಡಗಾಲು, ಮೂತಿ ಉಜ್ಜಿಕೊಂಡೇ ಮುಂದಕ್ಕೆ ಬರುತ್ತೆ. ರನ್ನಿಂಗ್ ಶೂನಲ್ಲಿ ಅಲ್ಲಿರೋದು ಬಟ್ಟೆ, ಎಷ್ಟು ದಿನ ತಡೆದೀತು? ಟೆನಿಸ್ ಶೂನಲ್ಲಿ ಸೋಲ್‌ನ ರಬ್ಬರೇ ಮೂತಿ ಮೇಲಕ್ಕೆ ಹತ್ತಿರುತ್ತೆ. ಕೆಲವದರಲ್ಲಿ ಹೆಬ್ಬೆರಳಿನ ಒಳಬದಿಗೂ ಸುತ್ತಿಕೊಂಡಿರುತ್ತೆ. ನೀವು ಆ ಥರದ್ದನ್ನೇ ಹುಡುಕಿ.

82 ಕೆಜಿಗೆ, ಹಾರ್ಡ್ ಕೋರ್ಟಿಗೆ, ಹಗುರದ ಶೂ ಆಸೆ ಬಿಡಿ. ಏಸಿಕ್ಸ್‌ನಲ್ಲಿ ಜೆಲ್ ರೆಸಲ್ಯೂಷನ್ ಸಾಲು, ಅಡಿಡಾಸ್‌ನಲ್ಲಿ ಬ್ಯಾರಿಕೇಡ್, ಇವು ಗಟ್ಟಿತನಕ್ಕೆ ಮಾಡಿದವು. ಅದೇ ಕಂಪನಿಗಳ ಸಲ್ಯೂಷನ್ ಸ್ಪೀಡ್, ಊಬರ್‌ಸಾನಿಕ್ ವೇಗಕ್ಕೆ ಮಾಡಿದವು. ಹಾಕಿದ ಕೂಡಲೇ ಹಿತ ಅನ್ನಿಸೋದು ಈ ಎರಡನೇ ಗುಂಪೇ, ಬೇಗ ಸವೆಯೋದೂ ಅದೇ.

ಸ್ಟ್ರಿಂಗ್_55:
ಮೇಲಿನವರು ಹೇಳಿದ್ದೆಲ್ಲ ಸರಿ. ಉಗುರಿನ ಪ್ರಶ್ನೆ ಉಳಿದಿದೆ.

ಉಗುರು ಕಪ್ಪಾದರೆ ಶೂ ಗಿಡ್ಡ ಅಂತ ಎಲ್ಲರೂ ಅಂದ್ಕೋತಾರೆ. ಉದ್ದ ಸರಿಯಾಗಿದ್ದೂ ಹಾಗಾಗಬಹುದು: ಲೇಸ್ ಸಡಿಲ ಇದ್ದರೆ ಬ್ರೇಕ್ ಹಾಕಿದಾಗೆಲ್ಲ ಪಾದ ಒಳಗೇ ಮುಂದಕ್ಕೆ ಜಾರಿ ಬೆರಳು ಗುದ್ದುತ್ತೆ. ಅರ್ಧ ಸೈಜ್ ದೊಡ್ಡದು ತಗೊಂಡರೆ ಜಾರೋಕೆ ಇನ್ನಷ್ಟು ಜಾಗ ಕೊಟ್ಟ ಹಾಗೆ. ಮೊದಲು ಅಳತೆ ನೋಡಿ.

ಸಂಜೆ ಹೊತ್ತು, ಆಟಕ್ಕೆ ಹಾಕೋ ದಪ್ಪ ಸಾಕ್ಸ್ ಹಾಕ್ಕೊಂಡು ಅಳೆಯಿರಿ, ದಿನವಿಡೀ ಓಡಾಡಿ ಪಾದ ಒಂಚೂರು ಊದಿರುತ್ತೆ. ಹಿಮ್ಮಡಿ ಗೋಡೆಗೆ ತಾಗಿಸಿ ಕಾಗದದ ಮೇಲೆ ನಿಂತು, ತುಂಬ ಉದ್ದದ ಬೆರಳಿನ ತುದಿಗೆ ಗುರುತು ಹಾಕಿ. ಹೆಬ್ಬೆರಳೇ ಉದ್ದ ಇರಬೇಕು ಅಂತೇನಿಲ್ಲ, ಕೆಲವರಿಗೆ ಎರಡನೆಯದು ಉದ್ದ. ಎರಡೂ ಪಾದ ಅಳೆದು ದೊಡ್ಡದರ ಲೆಕ್ಕ ಹಿಡಿಯಿರಿ. ಶೂ ಹಾಕಿ ನಿಂತಾಗ ಬೆರಳಿನ ಮುಂದೆ ಸುಮಾರು 1 ಸೆಂ.ಮೀ. ಜಾಗ ಇರಬೇಕು. ಅದಕ್ಕಿಂತ ಕಡಿಮೆ ಇದ್ದರೆ ಮಾತ್ರ ಸೈಜ್ ಏರಿಸಿ.

ಅಗಲಕ್ಕೆ ಇನ್ನೊಂದು ಉಪಾಯ. ಶೂ ಒಳಗಿನ ಇನ್‌ಸೋಲ್ ಹೊರಗೆ ತೆಗೆದು ನೆಲದ ಮೇಲಿಟ್ಟು ಅದರ ಮೇಲೆ ನಿಲ್ಲಿ. ಕಿರುಬೆರಳಿನ ಬುಡ ಅಂಚಿನಿಂದಾಚೆ ಉಬ್ಬಿ ನಿಂತರೆ ಆ ಶೂ ನಿಮಗೆ ಇಕ್ಕಟ್ಟು, ಆಡ್ತಾ ಆಡ್ತಾ ಹಿಗ್ಗುತ್ತೆ ಅಂತ ಯಾರೇ ಹೇಳಲಿ ನಂಬಬೇಡಿ. ಪಕ್ಕದ ಗಟ್ಟಿ ಪದರ ಹಿಗ್ಗಲ್ಲ. ಗಂಡಸರ ಮಾಮೂಲಿ ಅಗಲ ಡಿ, ಅದಕ್ಕಿಂತ ಅಗಲ 2ಇ, ಇನ್ನೂ ಅಗಲ 4ಇ. ನ್ಯೂ ಬ್ಯಾಲೆನ್ಸ್‌ನ ಕೆಲವು ಮಾದರಿಗಳು ಈ ಅಗಲಗಳಲ್ಲಿ ಬರ್ತವೆ. ಅಗಲ ಸಾಲದ್ದಕ್ಕೆ ಉದ್ದ ಹೆಚ್ಚಿಸೋದು ಬೇಡ. ಶೂ ಮಡಚೋ ಜಾಗ ನಿಮ್ಮ ಪಾದ ಮಡಚೋ ಜಾಗದಿಂದ ಮುಂದಕ್ಕೆ ಹೋಗಿಬಿಡುತ್ತೆ.

ಈಗ ಲೇಸ್. ಮೇಲ್ತುದಿಯಲ್ಲಿ, ಸ್ವಲ್ಪ ಹಿಂದಕ್ಕೆ, ಒಂದು ಹೆಚ್ಚುವರಿ ತೂತು ಇರುತ್ತಲ್ಲ, ಅದು ಅಲಂಕಾರಕ್ಕಲ್ಲ. ಲೇಸನ್ನು ಕೊನೆಯ ತೂತಿನಿಂದ ಅದೇ ಬದಿಯ ಈ ತೂತಿಗೆ ಹೊರಗಿನಿಂದ ಒಳಕ್ಕೆ ಹಾಕಿ, ಎರಡೂ ಕಡೆ ಸಣ್ಣ ಕುಣಿಕೆ ಬಿಡಿ. ಬಲಗಡೆ ತುದಿಯನ್ನು ಎಡ ಕುಣಿಕೆಗೆ, ಎಡಗಡೆ ತುದಿಯನ್ನು ಬಲ ಕುಣಿಕೆಗೆ ತೂರಿಸಿ ಕೆಳಕ್ಕೆ ಎಳೆದು ಗಂಟು ಹಾಕಿ. ಹಿಮ್ಮಡಿ ಹಿಂದಕ್ಕೆ ಕೂತುಬಿಡುತ್ತೆ. ಗಂಟು ಹಾಕೋ ಮೊದಲು ಹಿಮ್ಮಡಿಯನ್ನು ನೆಲಕ್ಕೆ ಎರಡು ಸಲ ಕುಟ್ಟೋದು ಮರೀಬೇಡಿ.

ಕೆಂಪುಮಣ್ಣು:
ಎರಡು ಕೋರ್ಟಿನ ಪ್ರಶ್ನೆಗೆ: ತಿಂಗಳಿಗೆ ಒಂದೆರಡು ಸಲಕ್ಕೆ ಇನ್ನೊಂದು ಜೊತೆ ಬೇಡ. ಹಾರ್ಡ್ ಕೋರ್ಟ್ ಶೂ ಮಣ್ಣಲ್ಲಿ ನಡೆಯುತ್ತೆ, ಸ್ವಲ್ಪ ಹೆಚ್ಚು ಜಾರುತ್ತೆ ಅಷ್ಟೆ. ಮಣ್ಣಿನ ಶೂ ಹಾರ್ಡ್ ಕೋರ್ಟಿಗೆ ಹಾಕಿದರೆ ಮಾತ್ರ ಕೆಟ್ಟಿತು. ಅದರ ಸೋಲ್ ತುಂಬ ಹೆರಿಂಗ್‌ಬೋನ್, ಅಂದರೆ ಮೀನಿನ ಮುಳ್ಳಿನ ಥರ ಅಂಕುಡೊಂಕು ಏಣುಗಳು, ಮಣ್ಣು ಕಚ್ಚಿ ಆಮೇಲೆ ಉದುರಿಸೋಕೆ. ರಬ್ಬರ್ ಮೆತ್ತಗಿರೋದರಿಂದ ಒರಟು ನೆಲ ಅದನ್ನು ತಿಂದುಹಾಕುತ್ತೆ. ಹುಲ್ಲಿನ ಕೋರ್ಟಿಗೆ ಸಣ್ಣ ಗುಬುಟುಗಳಿರೋ ಸೋಲ್ ಬೇರೆಯೇ ಇದೆ, ನಿಮಗೆ ಅದು ಬೇಡ.

ಮಣ್ಣಲ್ಲಿ ಆಡೋ ದಿನ ಏಣುಗಳ ಸಂದಿ ತುಂಬಿಕೊಂಡರೆ ಸೋಲ್ ನುಣುಪಾದಂತೆಯೇ. ಪಾಯಿಂಟುಗಳ ಮಧ್ಯೆ ರಾಕೆಟ್ ಚೌಕಟ್ಟಿನಿಂದ ಪಾದದ ಒಳಬದಿಗೆ ತಟ್ಟಿ, ಉದುರುತ್ತೆ. ಮೇಲ್ಭಾಗ ದೊಡ್ಡ ಕಣ್ಣಿನ ಜಾಲರಿಯಾಗಿದ್ದರೆ ಮಣ್ಣು ಒಳಗೆ ಹೊಕ್ಕು ಸಾಕ್ಸ್‌ಗೆ ಮರಳುಕಾಗದ ಉಜ್ಜಿದ ಹಾಗಾಗುತ್ತೆ. ಬೊಬ್ಬೆ ಖಚಿತ.

ಎಡಗೈ_ಬ್ಯಾಕ್‌ಹ್ಯಾಂಡ್:
ಎಲ್ಲರಿಗೂ ಥ್ಯಾಂಕ್ಸ್. ಇನ್ನೊಂದೇ ಪ್ರಶ್ನೆ: ಹೊಸ ಶೂ ಎಷ್ಟು ದಿನ ಬಾಳುತ್ತೆ? ಸೋಲ್ ಪೂರ್ತಿ ಸವೆಯೋವರೆಗೂ ಹಾಕಬಹುದಾ?

ಎರಡನೇ_ಸರ್ವ್:
ಸಾಮಾನ್ಯವಾಗಿ ಹೇಳೋ ಲೆಕ್ಕ 45ರಿಂದ 60 ಗಂಟೆ ಆಟ. ನಿಮ್ಮದು ವಾರಕ್ಕೆ ನಾಲ್ಕೂವರೆ ಗಂಟೆ, ಅಂದರೆ 10ರಿಂದ 13 ವಾರ. ತೂಕ, ಹಾರ್ಡ್ ಕೋರ್ಟ್ ಎರಡನ್ನೂ ಸೇರಿಸಿದರೆ 10ರ ಕಡೆಗೇ ಅಂದ್ಕೊಳ್ಳಿ. ಆದರೆ ಗಂಟೆಗಿಂತ ಶೂನೇ ನೋಡೋದು ಒಳ್ಳೇದು. ಸೋಲ್ ಚೆನ್ನಾಗಿ ಕಾಣ್ತಿದ್ದರೂ ಫೋಮ್ ಮೊದಲೇ ಸತ್ತಿರಬಹುದು: ಪಕ್ಕದಲ್ಲಿ ಅಡ್ಡ ಸುಕ್ಕುಗಳು ಕಂಡು, ಹೆಬ್ಬೆಟ್ಟಲ್ಲಿ ಒತ್ತಿದರೆ ಹಿಂದಕ್ಕೆ ಬರದಿದ್ದರೆ ಮುಗೀತು. ಮೇಜಿನ ಮೇಲಿಟ್ಟು ಹಿಂದಿನಿಂದ ನೋಡಿ, ಒಂದು ಬದಿಗೆ ವಾಲಿದ್ದರೆ ಅವತ್ತೇ ತೆಗೆದುಹಾಕಿ. ಸೋಲ್‌ನಲ್ಲಿ ಮೊದಲು ಸವೆಯೋದು ಹೆಬ್ಬೆರಳಿನ ಬುಡದ ಕೆಳಗೆ. ಅಲ್ಲಿ ಗೆರೆ ಮಾಯವಾಗಿ ಒಳಗಿನ ಬೇರೆ ಬಣ್ಣ ಇಣುಕೋವರೆಗೆ ಕಾಯಬೇಡಿ.

ಸ್ಟ್ರಿಂಗ್_55:
ಕೆಲವು ಮಾದರಿಗಳ ಸೋಲ್‌ಗೆ 6 ತಿಂಗಳ ಗ್ಯಾರಂಟಿ ಇರುತ್ತೆ, ಪೆಟ್ಟಿಗೆ ಮೇಲೆ ನೋಡಿ, ರಸೀದಿ ಎತ್ತಿಡಿ. ಅದು ಸಾಮಾನ್ಯವಾಗಿ ಸೋಲ್‌ಗಷ್ಟೇ, ಮೂತಿಯ ಬಟ್ಟೆ ಹರಿದರೆ ಸಿಗಲ್ಲ. ನೀವು ಮೂತಿ ಉಜ್ಜೋರಾದ್ದರಿಂದ ಹೊಸದಿದ್ದಾಗಲೇ ಎಡ ಶೂನ ಮೂತಿಗೆ ಶೂ ರಿಪೇರಿ ಗಮ್ ತೆಳ್ಳಗೆ ಒಂದು ಪದರ ಬಳಿದು 24 ಗಂಟೆ ಒಣಗಿಸಿ. ಸವೆದಾಗ ಅದರ ಮೇಲೇ ಇನ್ನೊಂದು ಪದರ.