ಎಲ್‌ಇಡಿ ಬೋರ್ಡ್ ಮಾಡುವ ಲೈನ್‌ನಲ್ಲಿ ಫೋನ್ ಬೋರ್ಡ್ ಆಗುತ್ತಾ?

ಪ್ರಶ್ನೆ: ಪೀಣ್ಯದಲ್ಲಿ ನಮ್ಮದೊಂದು ಎಸ್‌ಎಂಟಿ ಲೈನ್ (ಬೋರ್ಡ್ ಮೇಲೆ ಸಣ್ಣ ಪಾರ್ಟ್ ಕೂರಿಸಿ ಬೆಸೆಯುವ ಮೆಷಿನ್‌ಗಳ ಸಾಲು) ಇದೆ. ಸೋಲ್ಡರ್ ಪೇಸ್ಟ್ ಹಚ್ಚುವ ಪ್ರಿಂಟರ್, ಪಾರ್ಟ್ ಕೂರಿಸುವ ಪಿಕ್ ಅಂಡ್ ಪ್ಲೇಸ್, ಪೇಸ್ಟ್ ಕರಗಿಸಿ ಬೆಸೆಯುವ ಎಂಟು ಝೋನ್ ರಿಫ್ಲೋ ಓವನ್, ಕೊನೆಗೆ ಕ್ಯಾಮೆರಾದಿಂದ ಪರೀಕ್ಷಿಸುವ ಒಂದು ಎಒಐ. ಸದ್ಯ ಎಲ್‌ಇಡಿ ಡ್ರೈವರ್ ಬೋರ್ಡ್ ಮಾಡುತ್ತೇವೆ, 0603 ಸೈಜಿಗಿಂತ ಸಣ್ಣ ಪಾರ್ಟ್ ಹಾಕಿಲ್ಲ. ನರಸಾಪುರ, ದೇವನಹಳ್ಳಿ ಕಡೆ ಫೋನ್ ಕಾರ್ಖಾನೆ ಬಂದಿವೆಯಲ್ಲ, ನಮ್ಮಂಥವರಿಗೂ ಕೆಲಸ ಸಿಗುತ್ತಾ? ಮೇನ್ ಬೋರ್ಡ್ ಇದೇ ಲೈನ್‌ನಲ್ಲಿ ಮಾಡಬಹುದಾ?

ಉತ್ತರ (ಎಸ್‌ಎಂಟಿ ಪ್ರೊಸೆಸ್ ಎಂಜಿನಿಯರ್): ಮೇನ್ ಬೋರ್ಡ್ ಆಸೆ ಸದ್ಯಕ್ಕೆ ಬಿಡಿ. ನೀವು ಹಾಕುವ 0603 ಪಾರ್ಟ್ 1.6 × 0.8 ಮಿ.ಮೀ. ಫೋನಿನಲ್ಲಿ 01005 ಬರುತ್ತದೆ, ಅಂದರೆ 0.4 × 0.2 ಮಿ.ಮೀ. ಪ್ರೊಸೆಸರ್ ಬೆನ್ನ ಮೇಲೆಯೇ ಮೆಮೊರಿ ಕೂರುತ್ತದೆ, ಚಿಪ್ಪಿನ ಅಡಿಯ ಸೋಲ್ಡರ್ ಬಾಲ್‌ಗಳ ನಡುವಿನ ಅಂತರ 0.4 ಮಿ.ಮೀ ಅಥವಾ ಅದಕ್ಕೂ ಕಡಿಮೆ.

ಮೊದಲ ಪೆಟ್ಟು ಬೀಳುವುದು ಪ್ರಿಂಟಿಂಗ್‌ನಲ್ಲಿ. ಸ್ಟೆನ್ಸಿಲ್ (ಪೇಸ್ಟ್ ಇಳಿಸಲು ತೂತುಗಳಿರುವ ತೆಳು ಲೋಹದ ಹಾಳೆ) ತೂತಿನ ವಿಸ್ತೀರ್ಣವನ್ನು ಅದರ ಒಳಗೋಡೆಯ ವಿಸ್ತೀರ್ಣದಿಂದ ಭಾಗಿಸಿದರೆ 0.66 ಆದರೂ ಬರಬೇಕು. ಕಡಿಮೆಯಾದರೆ ಪೇಸ್ಟ್ ಪ್ಯಾಡ್ ಮೇಲೆ ಇಳಿಯದೆ ತೂತಿನಲ್ಲೇ ಅಂಟಿಕೊಳ್ಳುತ್ತದೆ. ದುಂಡನೆಯ ತೂತಿಗೆ ಲೆಕ್ಕ ಸುಲಭ: ವ್ಯಾಸ ಭಾಗಿಸು ನಾಲ್ಕು ಪಟ್ಟು ಸ್ಟೆನ್ಸಿಲ್ ದಪ್ಪ. 0.22 ಮಿ.ಮೀ ತೂತಿಗೆ ನಿಮ್ಮಲ್ಲಿರಬಹುದಾದ 120 ಮೈಕ್ರಾನ್ ಸ್ಟೆನ್ಸಿಲ್ ಹಾಕಿದರೆ 0.46, ಅಂದರೆ ಫೇಲ್. 80 ಮೈಕ್ರಾನ್ ಹಾಕಿದರೆ 0.69, ಪಾಸ್. ಜೊತೆಗೆ ದಪ್ಪ ಕಣದ ಟೈಪ್ 3 ಪೇಸ್ಟ್ ಇದ್ದರೆ ಅದನ್ನು ಬಿಟ್ಟು ಸಣ್ಣ ಕಣದ ಟೈಪ್ 4 ಅಥವಾ 5ಕ್ಕೆ ಹೋಗಬೇಕು. ಪ್ರಿಂಟ್ ಆದ ತಕ್ಷಣ ಪೇಸ್ಟಿನ ಎತ್ತರ, ಪರಿಮಾಣ ಅಳೆಯುವ ಎಸ್‌ಪಿಐ ಮೆಷಿನ್ ನಿಮ್ಮ ಪಟ್ಟಿಯಲ್ಲೇ ಇಲ್ಲ. ಅದಿಲ್ಲದೆ ಈ ಸೈಜಿನ ಕೆಲಸಕ್ಕೆ ಕೈ ಹಾಕಬೇಡಿ.

ಎರಡನೆಯದು ಇನ್ನೂ ಕಾಡುವಂಥದ್ದು. ರಿಫ್ಲೋ ಬಿಸಿಗೆ ಚಿಪ್ ಸ್ವಲ್ಪ ಬಾಗಿ ಬಾಲ್ ಮೇಲೆದ್ದು, ತಣ್ಣಗಾಗುವಾಗ ಪೇಸ್ಟ್ ಮೇಲೆ ಸುಮ್ಮನೆ ಒರಗಿ ಕೂರುತ್ತದೆ, ಬೆಸೆಯುವುದಿಲ್ಲ. ಹೆಡ್ ಇನ್ ಪಿಲ್ಲೋ ಅನ್ನುವುದು ಇದಕ್ಕೇ. ಎಒಐಗೆ ಚಿಪ್ಪಿನ ಅಡಿ ಕಾಣುವುದಿಲ್ಲ, ಸಾದಾ ಎಕ್ಸ್‌ರೇಯಿಂದ ಕೂಡ ಈ ದೋಷ ಎಷ್ಟೋ ಸಲ ತಪ್ಪಿಸಿಕೊಳ್ಳುತ್ತದೆ. ಟೆಸ್ಟ್ ಪಾಸ್ ಆಗಿ ಹೋದ ಫೋನ್ ಒಂದು ಸಲ ಕೈಜಾರಿ ಬಿದ್ದರೆ ಸತ್ತುಹೋಗುತ್ತದೆ.

ನಿಮಗೆ ಹೊಂದುವುದು ಸಬ್ ಬೋರ್ಡ್, ಅಂದರೆ ಫೋನಿನ ಕೆಳತುದಿಯಲ್ಲಿ ಯುಎಸ್‌ಬಿ-ಸಿ ಕನೆಕ್ಟರ್, ಮೈಕ್ ಇರುವ ಚಿಕ್ಕ ಬೋರ್ಡ್. ಚಾರ್ಜರ್ ಬೋರ್ಡ್, ಬ್ಯಾಟರಿ ಪ್ರೊಟೆಕ್ಷನ್ ಬೋರ್ಡ್ ಕೂಡ ನೋಡಬಹುದು. ಸಬ್ ಬೋರ್ಡ್‌ನಲ್ಲಿ ಕನೆಕ್ಟರ್ ಮೇಲೆ ಕಣ್ಣಿಡಿ. ಕರಗಿದ ಸೋಲ್ಡರ್ ಮೇಲೆ ಅದು ತೇಲಿ ಕೂದಲೆಳೆಯಷ್ಟು ಓರೆಯಾದರೂ ಕೇಸಿನ ತೂತಿಗೆ ಕೂರುವುದಿಲ್ಲ. ಪೇಸ್ಟಿನಲ್ಲಿರುವ ಫ್ಲಕ್ಸ್ (ಬೆಸುಗೆ ಹಿಡಿಯಲು ಬೇಕಾದ ರಾಸಾಯನಿಕ) ಮೇಲೆ ಹತ್ತಿ ಒಳಗಿನ ಪಿನ್ ಮೇಲೆ ಕೂತರೆ ಚಾರ್ಜ್ ಬಿಟ್ಟುಬಿಟ್ಟು ಆಗುತ್ತದೆ. ಕನೆಕ್ಟರ್‌ನ ಲೋಹದ ಶೆಲ್ಲಿನ ಕಾಲು ಇಳಿಯುವ ತೂತುಗಳಿಗೆ ಪೇಸ್ಟ್ ಸಾಲದಿದ್ದರೆ ಕೇಬಲ್ ಎಳೆದೆಳೆದು ಕನೆಕ್ಟರೇ ಕಿತ್ತು ಬರುತ್ತದೆ. ಅಲ್ಲಿ ಮಾತ್ರ ಸ್ಟೆನ್ಸಿಲ್ ತೂತನ್ನು ಪ್ಯಾಡಿಗಿಂತ ದೊಡ್ಡದು ಮಾಡಿಸಿ.

ಪ್ರಶ್ನೆ: ಮಳೆಗಾಲದಲ್ಲಿ ಈಗಲೇ ಸೋಲ್ಡರ್ ಬಾಲ್ (ಬೋರ್ಡ್ ಮೇಲೆ ಚದುರುವ ಬೇಡದ ಸೋಲ್ಡರ್ ಗುಂಡು) ಕಾಟ ಇದೆ. ಇಷ್ಟು ಸಣ್ಣ ಕೆಲಸದಲ್ಲಿ ಜಾಸ್ತಿ ಆಗಲ್ವಾ?

ಉತ್ತರ (ಅದೇ ಎಂಜಿನಿಯರ್): ಆಗುತ್ತದೆ. ಫ್ರಿಜ್‌ನಿಂದ ತೆಗೆದ ಪೇಸ್ಟ್ ಡಬ್ಬಿಯನ್ನು ಅವಸರಕ್ಕೆ ತಕ್ಷಣ ತೆರೆಯುತ್ತಿರಬೇಕು, ಮೊದಲು ಅದನ್ನು ನೋಡಿ. ತಣ್ಣನೆಯ ಪೇಸ್ಟ್ ಮೇಲೆ ನೀರು ಕಟ್ಟುತ್ತದೆ, ಓವನ್‌ನಲ್ಲಿ ಆ ನೀರು ಸಿಡಿದು ಸೋಲ್ಡರ್ ಚದುರಿ ಬಾಲ್ ಆಗುತ್ತದೆ. ಮುಚ್ಚಳ ಬಿಗಿದಿಟ್ಟೇ ಸುಮಾರು ನಾಲ್ಕು ಗಂಟೆ ಹೊರಗಿಡಿ, ಬಿಸಿ ಮಾಡಬೇಡಿ. ಚಿಪ್‌ಗಳಿಗೂ ಇದೇ ಶಿಸ್ತು: ಎಂಎಸ್‌ಎಲ್ (ತೇವ ತಾಳುವ ಮಟ್ಟ) 3 ದರ್ಜೆಯ ಪ್ಯಾಕೆಟ್ ಒಡೆದ ಮೇಲೆ ಬೆಸೆಯುವವರೆಗೆ 168 ಗಂಟೆ ಮಾತ್ರ, ಅದೂ 30 ಡಿಗ್ರಿ, ಶೇ 60 ತೇವಾಂಶದ ಒಳಗೆ. ಒಡೆದ ಸಮಯವನ್ನು ಪ್ಯಾಕೆಟ್ ಮೇಲೇ ಬರೆಯಿರಿ.

ಪ್ರಶ್ನೆ: ಸರ್ಕಾರದ ಪಿಎಲ್‌ಐ (ಉತ್ಪಾದನೆ ಆಧಾರಿತ ಪ್ರೋತ್ಸಾಹಧನ) ನಮಗೂ ಸಿಗುತ್ತಾ? ಎಷ್ಟು ಮಾಡಿದರೂ ಇಲ್ಲಿ ನಡೆಯುವುದು ಬರೀ ಜೋಡಣೆ ಅನ್ನುತ್ತಾರಲ್ಲ?

ಉತ್ತರ (ಖರೀದಿ ವಿಭಾಗದಲ್ಲಿರುವವರು): ನೇರವಾಗಿ ಸಿಗದು. 2020ರ ಫೋನ್ ಪಿಎಲ್‌ಐ ದೊಡ್ಡವರಿಗೆ ಮಾಡಿದ್ದು. ಹೆಚ್ಚುವರಿ ಮಾರಾಟದ ಮೇಲೆ ಶೇ 4ರಿಂದ 6 ಕೊಡುವುದು ಅಂತ ಇತ್ತು, ವಿದೇಶಿ ಕಂಪನಿಗಳಿಗೆ 15,000 ರೂಪಾಯಿ ಮತ್ತು ಮೇಲ್ಪಟ್ಟ ಫೋನಿಗೆ ಮಾತ್ರ. 2025ರಲ್ಲಿ ಬಂದ 22,919 ಕೋಟಿಯ ಬಿಡಿಭಾಗ ಯೋಜನೆಗೂ ಹೂಡಿಕೆಯ ಕನಿಷ್ಠ ಮಿತಿ ಇದೆ, ಒಂದು ಲೈನಿನವರಿಗೆ ಎಟುಕುವುದಿಲ್ಲ. ನಿಮಗೆ ದಾರಿ ಅಂದರೆ ಆ ಯೋಜನೆಯಲ್ಲಿ ಇರುವವರಿಗೆ ಮಾಲು ಕೊಡುವುದು.

ಬರೀ ಜೋಡಣೆ ಅನ್ನುವುದು ಅರ್ಧ ನಿಜ. ಫೋನಿನ ಭಾಗಗಳನ್ನು ಇಲ್ಲೇ ಮಾಡಿಸುವ ಸರ್ಕಾರದ ಹಂತ ಹಂತದ ಕಾರ್ಯಕ್ರಮದಲ್ಲಿ ಮೊದಲು ಬಂದದ್ದು ಚಾರ್ಜರ್, ಬ್ಯಾಟರಿ, ಹೆಡ್‌ಸೆಟ್. ಪಾರ್ಟ್ ಕೂರಿಸಿದ ಬೋರ್ಡ್ ಆಮದಿಗೆ 2018ರ ಏಪ್ರಿಲ್‌ನಲ್ಲಿ ಶೇ 10 ಸುಂಕ ಹಾಕಿದ ಮೇಲೆ ಎಸ್‌ಎಂಟಿ ಲೈನ್‌ಗಳು ಸಾಲುಸಾಲಾಗಿ ಇಲ್ಲಿಗೆ ಬಂದವು. ಆದರೆ ಆ ಬೋರ್ಡಿಗೆ ಬೇಕಾದ ಚಿಪ್, ಪರದೆಯ ಪ್ಯಾನೆಲ್ ಈಗಲೂ ಹೊರಗಿನಿಂದಲೇ ಬರುತ್ತವೆ. ಸುಂಕ ಹಾಕಿದರೆ ಜೋಡಣೆ ಬರುತ್ತದೆ. ಬಿಡಿಭಾಗದ ಕಾರ್ಖಾನೆ ಬರಬೇಕಾದರೆ ಪ್ರಮಾಣ ಬೇಕು, ಗ್ಯಾರಂಟಿ ಆರ್ಡರ್ ಬೇಕು. ಬಿಡಿಭಾಗಕ್ಕೇ ಜಾಸ್ತಿ ಸುಂಕ ಹಾಕಿದರೆ ರಫ್ತಿನ ಫೋನ್ ದುಬಾರಿಯಾಗಿ ವಿಯೆಟ್ನಾಂ ಎದುರು ಸೋಲುತ್ತದೆ.

ಇನ್ನೊಂದು ಮಾತು. ಸಬ್ ಬೋರ್ಡ್ ಕೆಲಸದಲ್ಲಿ ಪಾರ್ಟ್‌ಗಳನ್ನು ಗಿರಾಕಿಯೇ ಕೊಟ್ಟು ಕೂಲಿ ಮಾತ್ರ ಕೊಡುವುದುಂಟು. ಫೀಡರ್‌ನಲ್ಲಿ (ರೀಲಿನಿಂದ ಮೆಷಿನ್‌ಗೆ ಪಾರ್ಟ್ ಒದಗಿಸುವ ಸಾಧನ) ಬಿದ್ದು ಹಾಳಾಗುವ ಪಾರ್ಟಿಗೆ ಶೇಕಡಾ ಎಷ್ಟು ಮಾಫಿ ಅಂತ ಒಪ್ಪಂದದಲ್ಲೇ ಬರೆಸಿಕೊಳ್ಳಿ. ರೀಲ್ ಶುರುವಿನಲ್ಲಿ ಫೀಡರ್‌ಗೆ ತೂರಿಸುವಾಗ ಹೋಗುವ ಪಾರ್ಟ್‌ಗಳನ್ನೂ ಅದರಲ್ಲಿ ಸೇರಿಸಿ. ಇಲ್ಲದಿದ್ದರೆ ಅಷ್ಟೂ ನಿಮ್ಮ ಬಿಲ್ಲಿನಿಂದಲೇ ಕಡಿತವಾಗುತ್ತದೆ.