ಪದಚರ್ಚೆ: ಕಾಲ್ ಬ್ರೇಕೇ ಇಲ್ಲದ ಗಾಡಿಯಲ್ಲಿ ‘ಕೈ ಬ್ರೇಕ್’ ಅಂದರೆ ಯಾವುದು?

ಎಲ್ಲರಿಗೂ ನಮಸ್ಕಾರ.

ಮಂಡ್ಯದಲ್ಲಿ ಹೊಸದಾಗಿ ಎಲೆಕ್ಟ್ರಿಕ್ ಸ್ಕೂಟರ್ ಓಡಿಸುವವರಿಗಾಗಿ ಒಂದು ಪುಟದ ಸೂಚನೆ ಬರೆಯುತ್ತಿದ್ದೇನೆ. ಬ್ರೇಕಿನ ಭಾಗಕ್ಕೆ ಬಂದು ನಿಂತುಬಿಟ್ಟಿದ್ದೇನೆ. ಗಾಡಿ ಮುಟ್ಟಿಯೇ ಗೊತ್ತಿಲ್ಲದವರಿಗೆ ಬರೆಯುವುದು ಸುಲಭ. ವರ್ಷಗಟ್ಟಲೆ ಗೇರ್ ಬೈಕ್ ಓಡಿಸಿ ಈಗ ಸ್ಕೂಟರಿಗೆ ಬಂದವರಿಗೆ ಬರೆಯುವುದೇ ಕಷ್ಟ. ಅವರ ಬಾಯಲ್ಲಿ ಆಗಲೇ ಎರಡು ಪದ ಗಟ್ಟಿಯಾಗಿ ಕೂತಿವೆ: ಕೈ ಬ್ರೇಕ್, ಕಾಲ್ ಬ್ರೇಕ್.

ಬೈಕಿನವರಿಗೆ ಕೈ ಬ್ರೇಕ್ ಅಂದರೆ ಮುಂದಿನ ಚಕ್ರದ್ದು, ಕಾಲ್ ಬ್ರೇಕ್ ಅಂದರೆ ಹಿಂದಿನದು. ‘ಕೈ ಬ್ರೇಕ್ ಸಹವಾಸ ಬೇಡ ಕಣೋ, ಪಲ್ಟಿ ಹೊಡೀತೀಯ’ ಅಂತ ಕಲಿಸಿದ ಅಣ್ಣಂದಿರು ಹೇಳಿಯೇ ಇರುತ್ತಾರೆ. ಸ್ಕೂಟರಿನಲ್ಲಿ ಕಾಲಿಗೆ ಕೆಲಸವೇ ಇಲ್ಲ. ಬಲಗೈಯಲ್ಲಿ ಮುಂದಿನ ಬ್ರೇಕ್, ಎಡಗೈಯಲ್ಲಿ ಹಿಂದಿನ ಬ್ರೇಕ್. ಬೈಕಿನಲ್ಲಿ ಆ ಎಡಗೈ ಜಾಗದಲ್ಲಿದ್ದದ್ದು ಕ್ಲಚ್. ಗಾಬರಿಯಲ್ಲಿ ಕ್ಲಚ್ಚನ್ನು ಯಾರೂ ಮೆಲ್ಲಗೆ ಹಿಡಿಯಲ್ಲ, ಪೂರ್ತಿ ಎಳೀತಾರೆ. ಈಗ ನಾಯಿ ಅಡ್ಡ ಬಂತು ಅಂದುಕೊಳ್ಳಿ. ಎಡಗೈ ಹಳೇ ಅಭ್ಯಾಸದಲ್ಲಿ ಮುಷ್ಟಿ ಕಟ್ಟುತ್ತೆ. ಬಲಗಾಲು ಇಲ್ಲದ ಪೆಡಲ್ ಹುಡುಕುತ್ತೆ. ಬಲಗೈ ಎಕ್ಸಲೇಟರ್ ಮೇಲೇ ಇರುತ್ತೆ. ಹಿಂದಿನ ಚಕ್ರ ತಿರುಗುವುದು ನಿಂತು ಗಾಡಿಯ ಹಿಂಭಾಗ ಪಕ್ಕಕ್ಕೆ ಜಾರುತ್ತೆ. ಸುಗ್ಗಿಯಲ್ಲಿ ನಮ್ಮ ಕಡೆ ಹುರುಳಿ, ರಾಗಿಯನ್ನು ರಸ್ತೆಗೇ ಹರಡಿರುತ್ತಾರಲ್ಲ, ಅದರ ಮೇಲೆ ಹೀಗಾದರೆ ನೆಲಕ್ಕೆ ಬೀಳುವುದೇ. ಬ್ರೇಕ್ ಲಿವರ್ ಒತ್ತಿದ ತಕ್ಷಣ ಮೋಟಾರಿಗೆ ಕರೆಂಟು ನಿಲ್ಲುವ ವ್ಯವಸ್ಥೆ ಈ ಗಾಡಿಗಳಲ್ಲಿ ಸಾಮಾನ್ಯವಾಗಿ ಇರುತ್ತೆ, ಅದೊಂದು ಪುಣ್ಯ.

ಹಾಗಾದರೆ ‘ಮುಂದಿನ ಬ್ರೇಕ್, ಹಿಂದಿನ ಬ್ರೇಕ್’ ಅಂತಲೇ ಬರೆದರೆ ಆಯ್ತಲ್ಲ ಅನ್ನಬಹುದು. ಅಲ್ಲೂ ಒಂದು ತೊಡಕು ಇದೆ. 2019ರ ಏಪ್ರಿಲ್‌ನಿಂದ 125 ಸಿಸಿವರೆಗಿನ ಗಾಡಿಗಳಿಗೆ ಸಿಬಿಎಸ್ (ಒಂದು ಲಿವರ್ ಒತ್ತಿದರೆ ಎರಡೂ ಚಕ್ರಕ್ಕೆ ಬ್ರೇಕ್ ಹಿಡಿಯುವ ವ್ಯವಸ್ಥೆ) ಅಥವಾ ಎಬಿಎಸ್ (ಬ್ರೇಕ್ ಹಿಡಿದಾಗ ಚಕ್ರ ತಿರುಗುವುದು ನಿಂತು ಜಾರದ ಹಾಗೆ ನೋಡಿಕೊಳ್ಳುವ ವ್ಯವಸ್ಥೆ) ಕಡ್ಡಾಯ ಆಯಿತು. ಎಷ್ಟೋ ಎಲೆಕ್ಟ್ರಿಕ್ ಸ್ಕೂಟರುಗಳಲ್ಲೂ ಸಿಬಿಎಸ್ ಇದೆ. ಇದಿದ್ದರೆ ಎಡಗೈ ಲಿವರ್ ಒತ್ತಿದಾಗ ಹಿಂದಿನದರ ಜೊತೆ ಮುಂದಿನ ಬ್ರೇಕೂ ಸ್ವಲ್ಪ ಹಿಡಿಯುತ್ತೆ. ಅದನ್ನು ‘ಹಿಂದಿನ ಬ್ರೇಕ್’ ಅಂದರೆ ಅರ್ಧ ನಿಜ ಅಷ್ಟೆ. ಲೈಸೆನ್ಸ್ ಬೇಡದ, ಗಂಟೆಗೆ 25 ಕಿ.ಮೀ. ಮೀರದ ಸಣ್ಣ ಗಾಡಿಗಳಲ್ಲಿ ಸಿಬಿಎಸ್ ಇದೆ ಅಂತ ನಂಬುವ ಹಾಗೂ ಇಲ್ಲ. ಅದಕ್ಕೇ ನನಗೆ ‘ಎಡಗೈ ಬ್ರೇಕ್, ಬಲಗೈ ಬ್ರೇಕ್’ ಸರಿ ಅನ್ನಿಸಿದೆ. ಓಡಿಸುವವರಿಗೆ ಬೇಕಾದದ್ದು ಯಾವ ಕೈಗೆ ಏನು ಕೆಲಸ ಅನ್ನೋದು. ಚಕ್ರದ ಲೆಕ್ಕ ಮೆಕ್ಯಾನಿಕ್ ನೋಡಿಕೊಳ್ಳಲಿ. ನೀವು ಏನಂತೀರಿ?

ಎರಡನೇ ಪ್ರಶ್ನೆ ಕ್ರಿಯಾಪದದ್ದು. ನಾವು ಬ್ರೇಕ್ ಹಾಕ್ತೀವಿ, ಹಿಡೀತೀವಿ, ಒತ್ತುತೀವಿ. ತುರ್ತಾದರೆ ಹೊಡೀತೀವಿ. ‘ಬ್ರೇಕ್ ಹಿಡೀತಿಲ್ಲ’ ಅಂದಾಗ ಮಾತ್ರ ಹಿಡಿಯಬೇಕಾದದ್ದು ಬ್ರೇಕು, ನಾವಲ್ಲ. ಇಷ್ಟೆಲ್ಲ ಇದ್ದೂ, ಮೆಲ್ಲಗೆ ಶುರುಮಾಡಿ ಬಿಗಿ ಹೆಚ್ಚಿಸುತ್ತಾ ಹೋಗುವುದಕ್ಕೆ ಒಂದೇ ಮಾತು ನನಗೆ ಸಿಕ್ಕಿಲ್ಲ. ಬ್ರೇಕಿನ ಜೀವಾಳ ಇರೋದೇ ಅಲ್ಲಿ. ಬ್ರೇಕ್ ಹಿಡಿದಾಗ ಗಾಡಿಯ ಭಾರ ಮುಂದಕ್ಕೆ ವಾಲುತ್ತೆ. ಮುಂದಿನ ಟೈರು ನೆಲಕ್ಕೆ ಒತ್ತಿಕೊಳ್ಳುತ್ತೆ, ಹಿಂದಿನದು ಹಗುರ ಆಗುತ್ತೆ. ಒಣ ಡಾಂಬರಿನ ಮೇಲೆ ನಿಲ್ಲಿಸುವ ಕೆಲಸದಲ್ಲಿ ದೊಡ್ಡ ಪಾಲು ಮುಂದಿನ ಬ್ರೇಕಿನದೇ. ಆದರೆ ಆ ಭಾರ ಬಂದು ಕೂರುವುದಕ್ಕೆ ಅರೆಗಳಿಗೆ ಬೇಕು. ಅದಕ್ಕೂ ಮುಂಚೆ ಗಪ್ ಅಂತ ಹಿಡಿದರೆ ಮುಂದಿನ ಚಕ್ರವೇ ಜಾರುತ್ತೆ. ಅಣ್ಣಂದಿರ ಎಚ್ಚರಿಕೆ ಹುಟ್ಟಿದ್ದು ಇದರಿಂದಲೇ ಇರಬೇಕು. ಹಾಗಂತ ಬಲಗೈ ಬ್ರೇಕನ್ನೇ ಬಿಟ್ಟರೆ ಗಾಡಿ ನಿಲ್ಲಲು ತುಂಬ ಜಾಸ್ತಿ ದೂರ ಬೇಕಾಗುತ್ತೆ.

ಸದ್ಯಕ್ಕೆ ‘ಹಿಂಡು’ ಅಂತ ಬರೆದಿದ್ದೇನೆ: ‘ಎರಡೂ ಬ್ರೇಕನ್ನು ಒಟ್ಟಿಗೆ, ನಿಂಬೆಹಣ್ಣು ಹಿಂಡಿದ ಹಾಗೆ ಹಿಂಡಿ.’ ‘ಅದುಮು’ ಕೂಡ ಹೊಳೆಯಿತು. ಆದರೆ ಅದರಲ್ಲಿ ಮೇಲಿಂದ ಕೆಳಕ್ಕೆ ಒತ್ತುವ ಅರ್ಥವೇ ನನಗೆ ಮೊದಲು ಕೇಳಿಸುತ್ತೆ, ಬೆರಳು ಮಡಿಸುವುದು ಕಾಣಲ್ಲ. ತಿರುವಿಗೆ ಮುಂಚೆಯೇ ಹಿಂಡಿ ಮುಗಿಸಿ, ಮಳೆಯಲ್ಲಿ, ಮರಳಿನ ಮೇಲೆ ಇನ್ನೂ ಹಗುರವಾಗಿ ಹಿಂಡಿ ಅಂತ ಮುಂದುವರಿಸಿದ್ದೇನೆ. ಓದಿದರೆ ಸಹಜವಾಗಿ ಕೇಳಿಸುತ್ತಾ? ‘ಬಿರಿ’, ‘ತಡೆ’ಗಳ ಗೊಡವೆಗೆ ಹೋಗಿಲ್ಲ. ಬ್ರೇಕು ನಮ್ಮ ಪದವಾಗಿ ಎಷ್ಟೋ ಕಾಲ ಆಯ್ತು.

ಚಕ್ರ ತಿರುಗುವುದು ನಿಂತು ಜಾರುವುದಕ್ಕೆ ‘ಲಾಕ್ ಆಯ್ತು’, ‘ಜಾಮ್ ಆಯ್ತು’ ಎರಡೂ ಕೇಳಿದ್ದೇನೆ. ಜಾಮ್ ಅಂದರೆ ತುಕ್ಕು ಹಿಡಿದು ಕೂತದ್ದೂ ಆಗುತ್ತಲ್ಲ. ಹಾಗಾಗಿ ಲಾಕ್ ಸಾಕು ಅನ್ನಿಸುತ್ತೆ. ‘ಕಚ್ಚಿಕೊಂಡಿದೆ’ ಅನ್ನೋದನ್ನು ಬ್ರೇಕ್ ಬಿಟ್ಟರೂ ಚಕ್ರ ಬಿಡದ ರಿಪೇರಿಗೇ ಉಳಿಸಿದ್ದೇನೆ.

ಕೊನೆಯದು ನಿಜಕ್ಕೂ ಹೊಸದು. ಎಕ್ಸಲೇಟರ್ ಬಿಟ್ಟರೆ ಈ ಗಾಡಿಗಳಲ್ಲಿ ಹಲವು ತಾವಾಗೇ ನಿಧಾನ ಆಗುತ್ತವೆ. ಆಗ ಮೋಟಾರು ಡೈನಮೋ ತರ ಕೆಲಸ ಮಾಡಿ ಬ್ಯಾಟರಿಗೆ ಒಂಚೂರು ಚಾರ್ಜ್ ವಾಪಸ್ ಕೊಡುತ್ತೆ. ಬ್ಯಾಟರಿ ತುಂಬಿದ್ದರೆ ಆ ಚಾರ್ಜಿಗೆ ಜಾಗ ಇರಲ್ಲ, ಹಿಡಿತವೂ ಕಡಿಮೆ ಆಗುತ್ತೆ. ಮೈಸೂರಿನ ಚಾಮುಂಡಿ ಬೆಟ್ಟದ ಮೇಲೆ ರಾತ್ರಿಯೆಲ್ಲ ಚಾರ್ಜ್‌ಗೆ ಹಾಕಿ ಬೆಳಿಗ್ಗೆ ಇಳಿಯುವವರಿಗೆ ಇದು ಗೊತ್ತಿರಲೇಬೇಕು. ನಿನ್ನೆ ಸಂಜೆ ಪೇಟೆಯಲ್ಲಿ ಕೊಟ್ಟ ಹಿಡಿತ ಇವತ್ತಿನ ಇಳಿಜಾರಿನಲ್ಲಿ ಇಲ್ಲದೆ ಇರಬಹುದು. ಇದಕ್ಕೆ ‘ಮೋಟಾರ್ ಹಿಡಿತ’ ಅಂತ ಬರೆದಿದ್ದೇನೆ. ‘ಮೋಟಾರ್ ಬ್ರೇಕ್’ ಅಂದರೆ ಅದನ್ನೇ ನಂಬಿ ಕೈ ಬಿಟ್ಟಾರು ಅನ್ನೋ ಭಯ. ನಿಮ್ಮ ಊರಿನ ಶೋರೂಮಿನಲ್ಲಿ, ಗ್ಯಾರೇಜಿನಲ್ಲಿ ಇದನ್ನು ಏನಂತಾರೆ? ಓಡಿಸುವವರ ಬಾಯಲ್ಲಿ ಕೇಳಿದ ಮಾತೇ ಆದರೆ ಒಳ್ಳೇದು.